ಅರವತ್ತೆರಡರ ಸದ್ದು

ಅರವತ್ತರವರೆಗೆ ಸಾಧು ಗಾಡಿ.
ಮುಳ್ಳು ಅರವತ್ತೆರಡಕ್ಕೆ ತಾಗಿತೋ
ಎಲ್ಲೋ ಒಂದು ಗಿಲಕಿ ಎಚ್ಚರಾಗುತ್ತದೆ,
ಟಿರ್ರ್ ಟಿರ್ರ್ ಟಿರ್ರ್,
ಅರವತ್ತೆಂಟು ದಾಟಿದರೆ ಮತ್ತೆ ಮಲಗುತ್ತದೆ.
ನನ್ನ ಓಡಾಟವೆಲ್ಲ ಆ ಆರರ ಸಂದಿಯಲ್ಲೇ.
ಜೋರು ಹೋದರೆ ಪಟಗೋನಿಯಾದ ಜಲ್ಲಿರಸ್ತೆ
ಎತ್ತಿ ಒಗೆಯುತ್ತದೆ,
ಮೆಲ್ಲಗೆ ಹೋದರೆ ಪೆಟ್ಟಿಗೆಯ ಮಂಜು ಕರಗಿ
ಕುರಿಗಳ ಲಸಿಕೆ ಕೆಡುತ್ತದೆ.

ಮೊದಲು ನನ್ನ ಮೇಲೇ ಗುಮಾನಿ.
ಕೋಟಿನ ಜಿಪ್ಪು, ಜೇಬಿನ ಕೀಲಿಗೊಂಚಲು,
ಹೆಲ್ಮೆಟ್ಟಿನ ಬಕಲು, ಕಟ್ಟಿಸಿಕೊಂಡ ಹಲ್ಲು.
ಹಲ್ಲನ್ನೂ ಬಿಚ್ಚಿ ಕರ್ಚೀಫಿನಲ್ಲಿ ಸುತ್ತಿ
ಟೆಕ್ಕಾ ಊರಿನವರೆಗೆ ಬೋಳು ಬಾಯಲ್ಲಿ ಹೋದೆ;
ವಸಡು ಮರಗಟ್ಟಿತು, ಸದ್ದು ಅಲ್ಲೇ ಇತ್ತು.

ಆಮೇಲೆ ಗಾಡಿಯ ಸರದಿ.
ಕನ್ನಡಿ ಕಿತ್ತೆ. ನಂಬರ್ ಪ್ಲೇಟಿನ ಹಿಂದೆ
ಸೈಕಲ್ ಟ್ಯೂಬಿನ ತುಂಡು ತುರುಕಿದೆ.
ಚೈನು ಬಿಗಿ ಮಾಡಿದೆ, ಸಡಿಲ ಮಾಡಿದೆ,
ಟ್ಯಾಂಕನ್ನು ತುಂಟ ಹೋತದ ಹಾಗೆ
ತೊಡೆಗಳ ನಡುವೆ ಅಮುಕಿ ಹಿಡಿದೆ.
ಐರ್ಲಿಸ್ ನನ್ನ ಕಿವಿಗೆ ಹತ್ತಿ ತುಂಬಿ ಕಳಿಸಿದಳು:
"ಕೇಳದಿದ್ದರೆ ಇಲ್ಲ, ಅಷ್ಟೆ."
ಅವತ್ತು ಅದು ಕುಂಡೆಯಿಂದ ಹತ್ತಿ
ಬೆನ್ನುಮೂಳೆಯೊಳಗೆ ಮಾತಾಡಿತು.

ಎಸ್ಕೆಲ್ ಊರಾಚೆ, ತಗಡಿನ ಶೆಡ್ಡಿನಲ್ಲಿ,
ನೆಲಿದಾ ವೆಂಚುಮಾನ್.
ಸ್ಕ್ರೂಡ್ರೈವರಿನ ಮೊನೆ ಎಂಜಿನ್ನಿಗಿಟ್ಟು
ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೊತ್ತಿ
ಕಣ್ಣು ಮುಚ್ಚಿದಳು. ಎಷ್ಟೋ ಹೊತ್ತು.
"ಹೊಟ್ಟೆ ಗಟ್ಟಿಯಾಗಿದೆ. ಇದು ಮೈಯ ಸದ್ದು. ನಡಿ."
ಹಿಂದೆ ಹತ್ತಿ ಕೂತಳು.
ಅರವತ್ತೆರಡು. ಏನಿಲ್ಲ.
ಅರವತ್ತೈದು. ಏನೇನೂ ಇಲ್ಲ.
ಹಲ್ಲಿನ ಡಾಕ್ಟರ ಬಾಗಿಲಲ್ಲಿ ನೋವು ಮಾಯವಾದವನ ಹಾಗೆ
ನಾಚಿಕೆಯಾಯಿತು ನನಗೆ.
"ದೇವರಾಣೆ, ಇತ್ತು" ಅಂದೆ.

"ನಾನು ಎಂಬತ್ತೊಂದು ಕಿಲೋ," ಅಂದಳು,
"ನನ್ನ ಭಾರಕ್ಕೆ ಯಾವುದೋ ಒಂದು ಬಾಯಿ ಮುಚ್ಚಿದೆ.
ನೀನಿಳಿ."

ಇಳಿದೆ. ಅವಳೊಬ್ಬಳೇ ಹೋದಳು.
ಏಳು ವರ್ಷದಲ್ಲಿ ಮೊದಲ ಸಲ
ನನ್ನ ಗಾಡಿ ನನ್ನ ಬಿಟ್ಟು ಹೋಗುವುದನ್ನು ಕೇಳಿದೆ.
ಎಷ್ಟು ಸಣ್ಣ ದನಿ!
ಡಬ್ಬಿಯೊಳಗೆ ಸಿಕ್ಕಿಬಿದ್ದ ದುಂಬಿ.
ತಿರುಗಿ ಬರುವಾಗ ಅವಳ ಎಡಗೈ
ಬೆನ್ನ ಹಿಂದೆ ಏನನ್ನೋ ತಡಕುತ್ತಿತ್ತು,
ಟಿರ್ರ್ ಟಿರ್ರ್... ನಿಂತಿತು... ಟಿರ್ರ್... ನಿಂತಿತು,
ಗುಟ್ಟು ಹೇಳಹೊರಟ ಕೂಸಿನ ಬಾಯಿಗೆ
ಯಾರೋ ಕೈಯಿಟ್ಟು ತೆಗೆದ ಹಾಗೆ.

ಸೀಟಿನ ಅಡಿಗೆ, ಕ್ಯಾರಿಯರಿನ ಎಡಗಾಲು
ಚಾಸಿಗೆ ಕೂಡುವ ಬೆಸುಗೆಯಲ್ಲಿ
ಒಂದು ಕೂದಲೆಳೆಯ ಬಿರುಕು.
ಸುತ್ತ ಕೆಂಪು ಪುಡಿ,
ಕಬ್ಬಿಣ ಕಬ್ಬಿಣವನ್ನು ಜಗಿದು ಉಗಿದದ್ದು.
"ನಿನ್ನ ಲಸಿಕೆ ಪೆಟ್ಟಿಗೆ," ಅಂದಳು.
ಬೈಗುಳವಲ್ಲ. ಲೆಕ್ಕ.
ಪೆಟ್ಟಿಗೆ ಅಲುಗಬಾರದೆಂದು ನಾನೇ
ದಿನಾ ಒಂದು ತೂತು ಹೆಚ್ಚಿಗೆ
ಬೆಲ್ಟು ಬಿಗಿಯುತ್ತಿದ್ದೆ.

ನೀಲಿ ಬೆಳಕು ಉರಿಯಿತು, ನಾನು ಗೋಡೆ ನೋಡಿದೆ.
ಕೂಲಿ: ಅವಳ ಹನ್ನೊಂದು ಆಡುಗಳಿಗೆ ಸೂಜಿ,
ಹನ್ನೆರಡನೆಯದು ತಪ್ಪಿಸಿಕೊಂಡು
ಹಳೇ ಟೈರುಗಳ ಮೇಲೆ ನಿಂತು ನಕ್ಕಿತು.

ವಾಪಸು ಬರುವಾಗ ಅರವತ್ತೆರಡು,
ಅರವತ್ತಮೂರು, ಅರವತ್ತೇಳು, ಮತ್ತೆ ಅರವತ್ತೆರಡು.
ನಂಬಲಾಗದೆ ಗಾಡಿ ನಿಲ್ಲಿಸಿ
ಎಂಜಿನ್ನು ಆರಿಸಿದೆ.
ಟಿರ್ರ್.

ಎದೆ ಧಸಕ್ಕೆಂದಿತು.
ಗಾಡಿಯಲ್ಲ. ಬೇಲಿ.
ಗಾಳಿಗೆ ತಂತಿ ಕಂಬದ ಮೊಳೆಗೆ ತಾಗುತ್ತಿತ್ತು,
ಒಂದು ಹಿಡಿ ಉಣ್ಣೆ ಅಲ್ಲೇ ಸಿಕ್ಕಿಕೊಂಡು.
ಹೋಗಿ ಬೆರಳಿಟ್ಟೆ. ಸುಮ್ಮನಾಯಿತು.
ಮುಂದಿನ ಕಂಬ ಶುರು ಮಾಡಿತು.
ಅದರಾಚೆ ಇನ್ನೊಂದು,
ಬೆಟ್ಟದ ಬುಡದವರೆಗೂ ಕಂಬ.

ಕೈ ತೆಗೆದೆ.
ಪೆಟ್ಟಿಗೆಯ ಬೆಲ್ಟು ಒಂದು ತೂತು ಸಡಿಲಿಸಿ
ಕಿಕ್ಕರ್ ಹೊಡೆದೆ. ಮಂಜು ಕರಗುತ್ತಿತ್ತು.